ಸ್ಲೈಟ್ಲಿ ಫಾಕ್ಸ್ಡ್ ಮತ್ತು ಅದರ ದೊಡ್ಡ ದಾಯಾದಿಗಳು

ಲಂಡನ್ನಿನಿಂದ ಬರುವ ಮೂರು ವಿಮರ್ಶಾ ಪತ್ರಿಕೆಗಳನ್ನು ಚಂದಾ ಕಟ್ಟಿಯೋ ಎರವಲು ತಂದೋ ಹಲವು ವರ್ಷಗಳಿಂದ ಓದುತ್ತಿದ್ದೇನೆ: ಟೈಮ್ಸ್ ಲಿಟರರಿ ಸಪ್ಲಿಮೆಂಟ್, ಲಂಡನ್ ರಿವ್ಯೂ ಆಫ್ ಬುಕ್ಸ್, ಸ್ಲೈಟ್ಲಿ ಫಾಕ್ಸ್ಡ್. ಮೊದಲೆರಡು ನಮ್ಮಲ್ಲೂ ಹೆಸರುವಾಸಿ. ಮೂರನೆಯದರ ಹೆಸರೆತ್ತಿದರೆ ಇಂಗ್ಲಿಷ್ ಮೇಷ್ಟ್ರುಗಳೂ ಹುಬ್ಬೇರಿಸುತ್ತಾರೆ. ಆದರೂ ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ನಾನು ಉಳಿಸಿಕೊಳ್ಳುವುದು ಅದನ್ನೇ.

ಟೈಮ್ಸ್ ಲಿಟರರಿ ಸಪ್ಲಿಮೆಂಟ್ 1902ರಿಂದ ಬರುತ್ತಿರುವ ವಾರಪತ್ರಿಕೆ, ಲಂಡನ್ನಿನ ಟೈಮ್ಸ್ ದಿನಪತ್ರಿಕೆಯ ದೊಡ್ಡ ಮನೆತನದ ಕೂಸು. 1974ರವರೆಗೆ ಅದರಲ್ಲಿ ವಿಮರ್ಶಕರ ಹೆಸರನ್ನೇ ಅಚ್ಚು ಹಾಕುತ್ತಿರಲಿಲ್ಲ. ಈಗ ಹೆಸರಿದೆ, ಹಳೆಯ ಗತ್ತೂ ಅಷ್ಟಿಷ್ಟು ಉಳಿದಿದೆ. ಯಾವ ವಿಷಯದಲ್ಲಿ ಹೊಸದೇನು ಬಂದಿದೆ ಎಂದು ತಿಳಿಯಲು ಚೆನ್ನ. ಗ್ರಂಥಾಲಯದಲ್ಲಿ ತಿರುವಿ ಹಾಕಿದರೆ ಸಾಕು.

ಅದೇ ಮನೆತನದ ಆಡಳಿತ-ಕಾರ್ಮಿಕರ ಜಗಳದಲ್ಲಿ ಸಪ್ಲಿಮೆಂಟ್ ತಿಂಗಳುಗಟ್ಟಲೆ ನಿಂತುಹೋಗಿದ್ದಾಗ, 1979ರಲ್ಲಿ, ಲಂಡನ್ ರಿವ್ಯೂ ಹುಟ್ಟಿತು. ಆರಂಭದಲ್ಲಿ ಅದು ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್‌ನ ಪುಟಗಳೊಳಗೆ ಸೇರಿ ಬರುತ್ತಿತ್ತು, ಸ್ವತಂತ್ರವಾದದ್ದು 1980ರಲ್ಲಿ. ಆ ನ್ಯೂಯಾರ್ಕ್ ರಿವ್ಯೂ ಕೂಡ 1963ರ ಪತ್ರಿಕಾ ಮುಷ್ಕರದ ನಡುವೆ ಹುಟ್ಟಿದ್ದು. ವಿಮರ್ಶಾ ಪತ್ರಿಕೆಗಳಿಗೆ ಮುಷ್ಕರವೇ ಶುಭ ಮುಹೂರ್ತವಿರಬೇಕು! ಲಂಡನ್ ರಿವ್ಯೂದ ಲೇಖನಗಳು ಪುಟಗಟ್ಟಲೆ ಓಡುತ್ತವೆ. ತಲೆಯ ಮೇಲೆ ಪುಸ್ತಕದ ಹೆಸರು, ಬೆಲೆ, ಪುಟಸಂಖ್ಯೆ ಇರುತ್ತದೆ; ಕೆಳಗೆ ವಿಮರ್ಶಕರು ತಮ್ಮದೇ ದಾರಿ ಹಿಡಿದು, ಕೊನೆಗೆಲ್ಲೋ ಪುಸ್ತಕದ ನೆನಪಾದವರಂತೆ ಹಿಂತಿರುಗುತ್ತಾರೆ. ಬರಹ ಹರಿತ, ದಾಕ್ಷಿಣ್ಯ ಕಡಿಮೆ. ನಾನಂತೂ ಮೊದಲು ಓದುವುದು ಪತ್ರಗಳ ಪುಟವನ್ನು. ಏಟು ತಿಂದ ಲೇಖಕರು ಅಲ್ಲಿ ಉತ್ತರ ಬರೆಯುತ್ತಾರೆ, ಅದರ ಕೆಳಗೇ ವಿಮರ್ಶಕರು ಮರುಉತ್ತರ ಕೊಡುತ್ತಾರೆ. ತೊಂದರೆ ಏನೆಂದರೆ, ಲೇಖನ ಮುಗಿಸಿದ ಮೇಲೆ ಆ ಪುಸ್ತಕವನ್ನು ನಾನೇ ಓದಿದಷ್ಟು ವಿಶ್ವಾಸ ಬಂದುಬಿಡುತ್ತದೆ. ಕೊಳ್ಳುವ ಮಾತೇ ಇಲ್ಲ.

ಸ್ಲೈಟ್ಲಿ ಫಾಕ್ಸ್ಡ್ 2004ರಲ್ಲಿ ಆರಂಭವಾದ ತ್ರೈಮಾಸಿಕ. ಕಟ್ಟಿದವರು ಜಾನ್ ಮರ್ರೆ ಪ್ರಕಾಶನದಲ್ಲಿ ಕೆಲಸ ಮಾಡಿದ್ದ ಗೇಲ್ ಪರ್ಕಿಸ್ ಮತ್ತು ಹೇಝಲ್ ವುಡ್. ಹೊಸ ಪುಸ್ತಕಗಳ ಹಿಂದೆ ಇದು ಓಡುವುದಿಲ್ಲ. ಹೆಸರಾಂತ ಲೇಖಕರಿಂದ ಹಿಡಿದು ಸಾಮಾನ್ಯ ಓದುಗರವರೆಗೆ ಯಾರಾದರೂ ತಾವು ಮನಸಾರೆ ಮೆಚ್ಚಿದ, ಬಹುಪಾಲು ಮರೆತುಹೋದ ಒಂದು ಪುಸ್ತಕದ ಬಗ್ಗೆ ಬರೆಯುತ್ತಾರೆ. ಕೆನೆಬಣ್ಣದ ಕಾಗದ, ಅಂಗೈಯಗಲದ ಆಕಾರ, ಲೇಖನಗಳ ನಡುವೆ ಪುಟ್ಟ ರೇಖಾಚಿತ್ರಗಳು. ಪುಟದ ಅಡಿಯಲ್ಲಿ ಒಂದು ಟಿಪ್ಪಣಿ: ಪುಸ್ತಕ ಈಗ ಅಚ್ಚಿನಲ್ಲಿದೆಯೇ, ಇಲ್ಲದಿದ್ದರೆ ಹಳೆಯ ಪ್ರತಿಯನ್ನು ಹುಡುಕಿಕೊಡಬಲ್ಲೆವು ಎಂದು. ನನಗೆ ಇಡೀ ಪತ್ರಿಕೆಯ ನಿಲುವು ಕಾಣುವುದು ಆ ಸಣ್ಣ ಅಕ್ಷರಗಳಲ್ಲೇ. ಇಲ್ಲಿ ಪುಸ್ತಕ ಕೈಗೆ ಸಿಗುವವರೆಗೆ ವಿಮರ್ಶೆಯ ಕೆಲಸ ಮುಗಿಯುವುದಿಲ್ಲ.

ಪುಸ್ತಕ ಬಿಡುಗಡೆ, ವಾರದ ಪುರವಣಿಯಲ್ಲಿ ನಾಲ್ಕು ಸಾಲಿನ ಪರಿಚಯ, ಅದೂ ಆಗದಿದ್ದರೆ ‘ಸಾದರ ಸ್ವೀಕಾರ’ದ ಪಟ್ಟಿ, ಅಲ್ಲಿಗೆ ಮುಗಿಯಿತು: ಇದೇ ನಮ್ಮಲ್ಲಿ ಹೆಚ್ಚಿನ ಪುಸ್ತಕಗಳ ಆಯುಷ್ಯ. ಇದನ್ನು ಕಂಡವರಿಗೆ ಐವತ್ತು ವರ್ಷ ಹಳೆಯ ಪುಸ್ತಕಕ್ಕೆ ಪೂರ್ತಿ ಲೇಖನ ಮೀಸಲಿಡುವ ಧೈರ್ಯ ಎಂಥದೆಂದು ಅರ್ಥವಾಗುತ್ತದೆ. ಇನ್ನೊಂದು ಲಾಭ: ಸಂಚಿಕೆ ಬೆಂಗಳೂರು ತಲುಪುವುದು ತಡವಾದರೂ ನಷ್ಟವಿಲ್ಲ. ಲಂಡನ್ ರಿವ್ಯೂದ ರಾಜಕೀಯ ಲೇಖನಗಳು ಅಷ್ಟರಲ್ಲಿ ಹಳಸಿರುತ್ತವೆ.

ಕೊರತೆಗಳೂ ಇವೆ. ಮೆಚ್ಚಿದ್ದನ್ನೇ ಬರೆಯುವುದರಿಂದ ಬೈಗುಳವೇ ಇಲ್ಲ; ಮೂರು ಲೇಖನಗಳನ್ನು ಒಟ್ಟಿಗೆ ಓದಿದರೆ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದಂತಾಗುತ್ತದೆ. ಅಭಿರುಚಿಯೂ ಅಪ್ಪಟ ಇಂಗ್ಲಿಷರದು: ಬಾಲ್ಯದ ನೆನಪುಗಳು, ಯುದ್ಧದ ದಿನಗಳು, ಹಳ್ಳಿಯ ಬಂಗಲೆಗಳು. ಆ ಬಂಗಲೆಗಳ ಖರ್ಚು ಯಾವ ವಸಾಹತಿನಿಂದ ಬಂತು ಎಂಬ ಪ್ರಶ್ನೆಯನ್ನು ಲಂಡನ್ ರಿವ್ಯೂ ಬಿಡದೆ ಕೇಳುತ್ತದೆ, ಇದು ಕೇಳುವುದು ಅಪರೂಪ. ಕಟ್ಟುನಿಟ್ಟಿನ ವಿಮರ್ಶಕರು ಇದನ್ನು ವಿಮರ್ಶೆ ಎಂದೇ ಒಪ್ಪಲಾರರು. ಆದರೆ ಇದನ್ನು ಓದಿ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳಲ್ಲಿ ನಾನು ಹುಡುಕಿದಷ್ಟು ಪುಸ್ತಕಗಳನ್ನು ಉಳಿದೆರಡರ ಮಾತು ಕೇಳಿ ಎಂದೂ ಹುಡುಕಿಲ್ಲ.

ಎರಡಕ್ಕೆ ದುಡ್ಡು ಹಾಕುವಂತಿದ್ದರೆ ಲಂಡನ್ ರಿವ್ಯೂವನ್ನು ಅಂತರ್ಜಾಲದಲ್ಲೇ ಓದಿ. ಚಂದಾದಾರರಿಗೆ 1979ರಿಂದ ಈಚಿನ ಭಂಡಾರ ಪೂರ್ತಿ ತೆರೆದಿರುತ್ತದೆ. ಸ್ಲೈಟ್ಲಿ ಫಾಕ್ಸ್ಡ್ ಅನ್ನು ಮಾತ್ರ ಕಾಗದದಲ್ಲೇ ತರಿಸಿ. ಹಳೆಯ ಸಂಚಿಕೆಗಳನ್ನೂ ಅವರು ಬಿಡಿಯಾಗಿ ಮಾರುತ್ತಾರೆ, ಯಾವುದರಿಂದ ಆರಂಭಿಸಿದರೂ ನಡೆಯುತ್ತದೆ.