ಸಿಲ್ವರ್‌ಟೋನ್ 1448: ಪೆಟ್ಟಿಗೆಯಲ್ಲೇ ಆಂಪ್ ಇರುವ ಹಳೇ ಗಿಟಾರ್

ಗ್ಯಾರೇಜ್ ರಾಕ್, ಪಂಕ್ ನುಡಿಸುವ ಹುಚ್ಚಿದ್ದು, ಒಂದು ಹಳೇ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲೇಬೇಕು ಅಂತ ದುಡ್ಡು ಕೂಡಿಡುತ್ತಿದ್ದರೆ ದಯವಿಟ್ಟು ಐವತ್ತರ ದಶಕದ ಗಿಬ್ಸನ್, ಫೆಂಡರ್ ಕಂಪನಿಗಳ ಗಿಟಾರ್ ಹಿಂದೆ ಬೀಳಬೇಡಿ. ಸಿಲ್ವರ್‌ಟೋನ್ 1448 ಹುಡುಕಿ. ಹಳೇ ಗಿಟಾರ್‌ಗಳಲ್ಲಿ ನನಗೆ ತೀರಾ ಇಷ್ಟವಾದದ್ದು ಇದು. ಇದರಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಎರಡನ್ನೂ ಹೇಳುತ್ತೇನೆ.

ಇದು ನಾನಿರುವ ನ್ಯೂಜೆರ್ಸಿಯಲ್ಲೇ ತಯಾರಾದದ್ದು. ಸಿಲ್ವರ್‌ಟೋನ್ ಅನ್ನುವುದು ಸಿಯರ್ಸ್ ಅಂಗಡಿಯವರು ಹಾಕುತ್ತಿದ್ದ ಹೆಸರು ಅಷ್ಟೇ. ಮಾಡುತ್ತಿದ್ದದ್ದು ಡ್ಯಾನ್‌ಎಲೆಕ್ಟ್ರೋ. ನೇಥನ್ ಡೇನಿಯಲ್ ಅನ್ನುವವರು 1947ರಲ್ಲಿ ಶುರು ಮಾಡಿದ ಕಂಪನಿ ಅದು, 1448 ಬಂದ ಹೊತ್ತಿಗೆ ಕಾರ್ಖಾನೆ ಇದ್ದದ್ದು ನೆಪ್ಚೂನ್ ಸಿಟಿಯಲ್ಲಿ. ಎಡಿಸನ್ ಕಡೆಯ ನಮ್ಮವರು ಬೇಸಿಗೆ ಬಂತೆಂದರೆ ಮಕ್ಕಳನ್ನು ಕರೆದುಕೊಂಡು ಸಮುದ್ರದ ಕಡೆ ಹೋಗುತ್ತಾರಲ್ಲ, ಆ ಆಸ್ಬರಿ ಪಾರ್ಕ್ ಹತ್ತಿರದ ಪುಟ್ಟ ಊರು. 1962ರಲ್ಲಿ ಸಿಯರ್ಸ್ ಕ್ಯಾಟಲಾಗಿನಲ್ಲಿ ಇದರ ಬೆಲೆ 67.95 ಡಾಲರ್. ಆ ದುಡ್ಡಿಗೆ ಗಿಟಾರ್, ಪೆಟ್ಟಿಗೆ, ಆ ಪೆಟ್ಟಿಗೆಯ ಒಳಗೇ ಕೂರಿಸಿದ 3 ವಾಟ್‌ನ ಟ್ಯೂಬ್ ಆಂಪ್ (ಗಿಟಾರಿನ ಸದ್ದು ಜೋರು ಮಾಡುವ ಆಂಪ್ಲಿಫೈಯರ್), ಎಲ್ಲ ಸೇರಿ ಬರುತ್ತಿತ್ತು. ಅಂಚೆಯಲ್ಲಿ ತರಿಸಿ, ಪೆಟ್ಟಿಗೆ ತೆರೆದು ನಿಲ್ಲಿಸಿ, ವೈರ್ ಚುಚ್ಚಿದರೆ ಆಯಿತು. ಬೇರೇನೂ ಕೊಳ್ಳಬೇಕಿರಲಿಲ್ಲ.

ಅಷ್ಟು ಅಗ್ಗಕ್ಕೆ ಹೇಗೆ ಕೊಟ್ಟರು ಅಂತ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ಬಾಡಿ ಗಟ್ಟಿ ಮರದ್ದಲ್ಲ. ಸಾದಾ ಮರದ ಒಂದು ಚೌಕಟ್ಟು, ಅದರ ಮುಂದೆ ಹಿಂದೆ ಮ್ಯಾಸೊನೈಟ್ ಹಲಗೆ. ಮ್ಯಾಸೊನೈಟ್ ಅಂದರೆ ನಾವು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕ್ಲಿಪ್ ಹಾಕಿಕೊಂಡು ಒಯ್ಯುತ್ತಿದ್ದ ಕಂದು ಪ್ಯಾಡ್ ಇತ್ತಲ್ಲ, ಅದೇ ಜಾತಿಯ ಹಾರ್ಡ್‌ಬೋರ್ಡ್. ಸುತ್ತಲಿನ ಅಂಚು ಮುಚ್ಚಲು ವಿನೈಲ್ ಪಟ್ಟಿ ಅಂಟಿಸಿದ್ದಾರೆ. ಕತ್ತಿನ ತುದಿಯಲ್ಲಿ ತಂತಿಗಳನ್ನು ಹಿಡಿಯುವ ನಟ್ ಅಲ್ಯುಮಿನಿಯಂನದು. ಬಾಡಿಯ ಮೇಲೆ ತಂತಿಗಳು ಕೂರುವ ಬ್ರಿಡ್ಜ್ ಅಂದರೆ ಒಂದು ತಗಡು, ಅದರ ಮೇಲೆ ಒಂದು ತುಂಡು ರೋಸ್‌ವುಡ್, ಅಷ್ಟೇ. ಕತ್ತಿನ ಒಳಗೆ ಉಕ್ಕಿನ ಬಲ ಕೊಟ್ಟಿದ್ದಾರೆ, ಆದರೆ ಈಗಿನ ಗಿಟಾರ್‌ಗಳ ಹಾಗೆ ತಿರುಗಿಸಿ ಸರಿಮಾಡುವ ಟ್ರಸ್ ರಾಡ್ ಅಲ್ಲ. ಇನ್ನು ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿ ಆಂಪಿಗೆ ಕಳಿಸುವ ಭಾಗ! ಮ್ಯಾಗ್ನೆಟ್ ಸುತ್ತ ತಂತಿ ಸುತ್ತಿ, ಅದನ್ನು ಲಿಪ್‌ಸ್ಟಿಕ್‌ನ ಲೋಹದ ಕೊಳವೆಯೊಳಗೆ ಇಳಿಸಿದ್ದಾರೆ. ಹೌದು, ನಿಜವಾದ ಲಿಪ್‌ಸ್ಟಿಕ್ ಕೊಳವೆ. ಹಾಗಾಗಿಯೇ ಇವತ್ತಿಗೂ ಅದಕ್ಕೆ ಲಿಪ್‌ಸ್ಟಿಕ್ ಪಿಕಪ್ ಅಂತಲೇ ಹೆಸರು. 1448ರಲ್ಲಿ ಇಂಥದ್ದು ಒಂದೇ. ಎರಡು ಬೇಕಿದ್ದರೆ ಇದರ ಅಣ್ಣ 1449 ಇತ್ತು, ಅದರ ಆಂಪ್ ಸ್ವಲ್ಪ ದೊಡ್ಡದು, ಸದ್ದನ್ನು ಅಲೆಯಲೆಯಾಗಿ ಏರಿಳಿಸುವ ಟ್ರೆಮೊಲೊ ಕೂಡ ಇತ್ತು.

ಇಷ್ಟು ಓದಿ ಮೂಗು ಮುರಿಯಬೇಡಿ. ಕೈಗೆ ತೆಗೆದುಕೊಂಡರೆ ಮೊದಲು ಗೊತ್ತಾಗುವುದು ಹಗುರ. ಗಿಬ್ಸನ್ನಿನ ಭಾರದ ಲೆಸ್ ಪಾಲ್ ಗಿಟಾರ್ ಹೊತ್ತು ಗಂಟೆಗಟ್ಟಲೆ ನಿಂತವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಪಿಕಪ್ ಸದ್ದು ಸಣ್ಣದು, ಆದರೆ ಬಹಳ ಸ್ಪಷ್ಟ. ಆರು ತಂತಿ ಒಟ್ಟಿಗೆ ಹೊಡೆದರೂ ಒಂದೊಂದೂ ಬೇರೆಬೇರೆ ಕೇಳುತ್ತದೆ, ಪಿಕ್ ತಂತಿಗೆ ತಾಗುವ ಟಕ್ ಅನ್ನುವ ಸದ್ದು ಸಮೇತ. ಒಳಗೆ ಟೊಳ್ಳು ಇರುವುದರಿಂದ ಆಂಪ್ ಇಲ್ಲದೆಯೂ ಸ್ವಲ್ಪ ಜೋರಾಗೇ ಕೇಳುತ್ತದೆ, ರಾತ್ರಿ ಮನೆಯವರು ಮಲಗಿದ ಮೇಲೆ ಸೋಫಾ ಮೇಲೆ ಕೂತು ನುಡಿಸಲು ಸಾಕು. ನನ್ನ ಕಿವಿಗೆ ಇದು ಡೌನ್‌ಸ್ಟ್ರೋಕ್‌ನ ಗಿಟಾರ್. ಎರಡೋ ಮೂರೋ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಕೈ ನಿಲ್ಲಿಸದೆ ಕೆಳಕ್ಕೆ ಹೊಡೆಯುತ್ತಾ ಹೋಗಬೇಕು. ಕತ್ತಿನ ಮೇಲಿನ ಅಡ್ಡ ಪಟ್ಟಿ, ಅಂದರೆ ಫ್ರೆಟ್, ಇರುವುದು 18 ಮಾತ್ರ, ಮೇಲೆ ಹೋಗಿ ಉದ್ದುದ್ದ ಸೋಲೊ ನುಡಿಸುವವರಿಗೆ ಇದು ಸಾಲದು. ಪಂಕ್‌ಗೆ ಅಷ್ಟು ಮೇಲೆ ಹೋಗಿ ಮಾಡುವುದಾದರೂ ಏನಿದೆ?

ಆಂಪ್ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಈ ಸೆಟ್ಟಿನ ಅರ್ಧ ಜೀವ ಅದರಲ್ಲೇ ಇದೆ. ಸ್ಪೀಕರ್ ಬರೀ 5 ಇಂಚು. ವಾಲ್ಯೂಮ್ ಸ್ವಲ್ಪ ಇಟ್ಟರೆ ಹಳೇ ರೇಡಿಯೊ ಮಾತಾಡಿದ ಹಾಗೆ ಮೆಲ್ಲಗೆ ಹಾಡುತ್ತದೆ. ಅರ್ಧ ದಾಟಿಸಿ, ಸದ್ದು ಒಡೆದು ಗರಗರ ಅನ್ನಲು ಶುರುವಾಗುತ್ತದೆ. ಪೂರ್ತಿ ತಿರುಗಿಸಿದರೆ ಆ ಪುಟ್ಟ ಸ್ಪೀಕರ್ ಕೈಲಾಗದೆ ಕಿರುಚುತ್ತದೆ, ಮತ್ತು ಆ ಕಿರುಚುವಿಕೆಯೇ ಗ್ಯಾರೇಜ್ ರಾಕ್. ಬೇಸ್ ಇಲ್ಲ, ಎಲ್ಲ ನಡುವಿನ ಸ್ವರಗಳೇ. ಇದರ ಮುಂದೆ ಒಂದು ಮೈಕ್ ಇಟ್ಟು ರೆಕಾರ್ಡ್ ಮಾಡಿ ಕೇಳಿ. ರೂಮಿನಲ್ಲಿ ಆಟಿಕೆಯಂತೆ ಕೇಳಿದ್ದು ಸ್ಪೀಕರಿನಲ್ಲಿ ಗೋಡೆಯಷ್ಟು ದೊಡ್ಡದಾಗಿ ಬರುತ್ತದೆ. ಬೇಸ್ ಗಿಟಾರ್‌ಗೂ ಡ್ರಮ್‌ಗೂ ಬೇಕಾದ ಜಾಗ ಬಿಟ್ಟುಕೊಟ್ಟೇ ಬರುತ್ತದೆ. ಡ್ರಮ್ ಜೊತೆ ಲೈವ್ ನುಡಿಸಲು ಮಾತ್ರ 3 ವಾಟ್ ಸಾಲುವುದೇ ಇಲ್ಲ, ಮೈಕ್ ಇಡಬೇಕು ಇಲ್ಲವೇ ಬೇರೆ ಆಂಪ್ ಬೇಕು. ಅದೇ ಡ್ಯಾನ್‌ಎಲೆಕ್ಟ್ರೋ ಕಾರ್ಖಾನೆಯ ದೊಡ್ಡ ಸಿಲ್ವರ್‌ಟೋನ್ ಆಂಪ್‌ಗಳಿಗೂ ಅಷ್ಟೇ ಮರ್ಯಾದೆ ಇದೆ. ವೈಟ್ ಸ್ಟ್ರೈಪ್ಸ್ ಬ್ಯಾಂಡಿನ ಜ್ಯಾಕ್ ವೈಟ್ ಬಳಸುತ್ತಿದ್ದದ್ದು ಆರು ಸ್ಪೀಕರಿನ 1485.

ಕಾಲಿನಲ್ಲಿ ಒತ್ತಿ ಸದ್ದನ್ನು ಒರಟು ಮಾಡುವ ಫಜ್ ಪೆಡಲ್ ಜೊತೆಗೂ ಇದು ಬಹಳ ಚೆನ್ನಾಗಿ ಹೊಂದುತ್ತದೆ. ಮೊದಲ ಹೆಸರುವಾಸಿ ಫಜ್ ಪೆಡಲ್ ಮೇಸ್ಟ್ರೋ ಎಫ್‌ಜೆಡ್-1 ಬಂದದ್ದೂ 1962ರಲ್ಲೇ. ದಪ್ಪ ಸದ್ದಿನ ಹಂಬಕರ್ ಪಿಕಪ್‌ಗೆ ಫಜ್ ಹಾಕಿದರೆ ಎಲ್ಲ ಕಲಸಿಹೋಗುತ್ತದೆ. ಈ ತೆಳ್ಳನೆ ಪಿಕಪ್‌ಗೆ ಹಾಕಿದರೆ ಕಾರ್ಡ್ ಕಾರ್ಡಾಗಿಯೇ ಉಳಿಯುತ್ತದೆ. ಗೇನ್ ಜಾಸ್ತಿ ಮಾಡಿದರೆ ಕುಯ್ಯ್ ಅಂತ ಕೂಗುವುದು ಮಾತ್ರ ಖಂಡಿತ, ಟೊಳ್ಳು ಬಾಡಿ ಅಲ್ವಾ.

ಈ ಅಗ್ಗದ ಗಿಟಾರ್‌ಗಳಿಗೂ ಆ ಸಂಗೀತಕ್ಕೂ ನಂಟು ಬೆಳೆದದ್ದು ಸುಮ್ನೆ ಅಲ್ಲ. 1964ರ ಫೆಬ್ರವರಿ 9ರಂದು ಬೀಟಲ್ಸ್ ಅಮೆರಿಕದ ಟಿವಿಯಲ್ಲಿ ನುಡಿಸಿದ್ದನ್ನು 7 ಕೋಟಿಗೂ ಹೆಚ್ಚು ಜನ ನೋಡಿದರು. ಮರುದಿನದಿಂದ ಊರೂರಿನ ಹುಡುಗರಿಗೆ ಬ್ಯಾಂಡ್ ಕಟ್ಟುವ ಆಸೆ. ಕೈಯಲ್ಲಿ ಕಾಸಿಲ್ಲ, ಮನೆಯಲ್ಲಿ ಸಿಯರ್ಸ್ ಕ್ಯಾಟಲಾಗ್ ಇತ್ತು. ಅಪ್ಪನ ಕಾರ್ ಹೊರಗಿಟ್ಟು ಗ್ಯಾರೇಜಿನಲ್ಲಿ ಶುರು ಮಾಡಿದರು. ಟಕೋಮಾದ ಸಾನಿಕ್ಸ್‌ನಂಥ ಬ್ಯಾಂಡ್‌ಗಳು ಆಗಿನ ರೆಕಾರ್ಡುಗಳಲ್ಲಿ ಸದ್ದು ಒಡೆಯುವಷ್ಟು ಜೋರಾಗಿ ನುಡಿಸಿದವು. ಅದಕ್ಕೂ ಮೊದಲು ಲಿಂಕ್ ರೇ ಅನ್ನುವವರು ಆಂಪ್ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಮಾಡಿ ಒರಟು ಸದ್ದು ಬರಿಸಿದ್ದರು. 1958ರಲ್ಲಿ ಬಂದ ಅವರ ಒಂದು ರೆಕಾರ್ಡಿನಲ್ಲಿ ಒಂದು ಮಾತೂ ಇಲ್ಲ, ಆದರೂ ಹುಡುಗರು ಕೆಡುತ್ತಾರೆ ಅಂತ ಕೆಲವು ರೇಡಿಯೊ ಸ್ಟೇಷನ್‌ಗಳು ಅದನ್ನು ಹಾಕಲಿಲ್ಲ! ಅವರ ಕೈಯಲ್ಲಿ ಆಮೇಲೆ ಕಾಣಿಸಿಕೊಂಡ ಕೊಂಬಿನ ಗಿಟಾರ್ ಕೂಡ ಡ್ಯಾನ್‌ಎಲೆಕ್ಟ್ರೋದ್ದೇ, ಲಾಂಗ್‌ಹಾರ್ನ್. ಮುಂದೆ 1974ರಲ್ಲಿ ರಮೋನ್ಸ್ ಅನ್ನುವ ಪಂಕ್ ಬ್ಯಾಂಡಿನ ಜಾನಿ ರಮೋನ್ ನ್ಯೂಯಾರ್ಕಿನ ಮ್ಯಾನೀಸ್ ಅಂಗಡಿಯಲ್ಲಿ ಮಾಸ್‌ರೈಟ್ ಗಿಟಾರ್ ಕೊಂಡದ್ದು 60 ಡಾಲರಿಗೂ ಕಡಿಮೆಗೆ. ಯಾರಿಗೂ ಬೇಡವಾಗಿ ಮೂಲೆ ಸೇರಿದ್ದ ಗಿಟಾರ್ ಅಗ್ಗಕ್ಕೆ ಸಿಕ್ಕಿತು, ಅದರ ಸದ್ದೇ ಪಂಕ್‌ನ ಸದ್ದಾಯಿತು. ಈಗ ಮಾಸ್‌ರೈಟ್ ನಮ್ಮಂಥವರ ಕೈಗೆ ಎಟುಕುವುದಿಲ್ಲ. 1448 ಇನ್ನೂ ಎಟುಕುತ್ತದೆ, ನಾನು ಮಾರಾಟಕ್ಕೆ ನೋಡಿದ ಹೆಚ್ಚಿನ ಸೆಟ್‌ಗಳು ಸಾವಿರ ಡಾಲರಿನ ಒಳಗೇ ಇದ್ದವು.

ಇನ್ನೊಂದು ವಿಷಯ, ನಮ್ಮವರಿಗೆ ಖುಷಿಯಾಗುವಂಥದ್ದು. ಇದೇ ಡ್ಯಾನ್‌ಎಲೆಕ್ಟ್ರೋ ಕಂಪನಿ 1967ರಲ್ಲಿ ಕೋರಲ್ ಅನ್ನುವ ಹೆಸರಿನಲ್ಲಿ ಎಲೆಕ್ಟ್ರಿಕ್ ಸಿತಾರ್ ಮಾಡಿತು, ವಿನ್ನಿ ಬೆಲ್ ಅನ್ನುವ ಗಿಟಾರ್ ವಾದಕರ ಜೊತೆ ಸೇರಿ. 13 ಅನುರಣನ ತಂತಿ, ಜೊತೆಗೆ ಝೇಂಕಾರ ಬರಿಸುವ ಚಪ್ಪಟೆ ಬ್ರಿಡ್ಜ್. ತಂಬೂರಿಯ ಕುದುರೆ ಮೇಲೆ ದಾರ ಇಟ್ಟು ನಾವು ಬರಿಸುವ ಆ ಝೇಂಕಾರವನ್ನೇ ಅವರು ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಅಗ್ಗವಾಗಿ ಬರಿಸಲು ನೋಡಿದ್ದು. ಅಷ್ಟರಲ್ಲಿ ಕಂಪನಿ ಎಂಸಿಎ ಅನ್ನುವ ದೊಡ್ಡ ಕಂಪನಿಯ ಪಾಲಾಗಿತ್ತು, 1969ರಲ್ಲಿ ಮುಚ್ಚಿಯೇ ಹೋಯಿತು.

ಕೊಳ್ಳುವವರು ಗಮನಿಸಬೇಕಾದದ್ದು. ಮೊದಲು ಆಂಪ್. ಅರವತ್ತು ವರ್ಷದ ಟ್ಯೂಬ್ ಆಂಪ್‌ನ ಪ್ಲಗ್‌ಗೆ ಎರಡೇ ಕಡ್ಡಿ ಇದ್ದರೆ ಚುಚ್ಚಲೇಬೇಡಿ. ತಿಳಿದ ಟೆಕ್ನಿಷಿಯನ್ ಹತ್ತಿರ ಒಯ್ದು, ಮೂರು ಕಡ್ಡಿಯ ವೈರ್ ಹಾಕಿಸಿ, ಕೆಪಾಸಿಟರ್ ಬದಲಿಸಿ, ಆಮೇಲೆ ಹಚ್ಚಿ. ಹಳೇ ಅಗ್ಗದ ಆಂಪ್‌ಗಳಲ್ಲಿ ಶಾಕ್ ಹೊಡೆಯುವಂಥವೂ ಇದ್ದವು, ಇದರಲ್ಲಿ ಧೈರ್ಯ ತೋರಿಸಬೇಡಿ. ಎರಡನೆಯದು ಕತ್ತು. ಬಾಗಿದ್ದರೆ ಸರಿಮಾಡಲು ರಾಡ್ ಇಲ್ಲ, ಹಾಗಾಗಿ ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿಯೇ ದುಡ್ಡು ಕೊಡಿ. ಒಂದು ಅಂಗಡಿಯಲ್ಲಿ ನನಗೆ ತೋರಿಸಿದ ಗಿಟಾರಿನ ಟ್ಯೂನಿಂಗ್ ಕೀ, ಪಿಕಪ್ ಎರಡೂ ಹೊಸವು, ಚೀಟಿಯಲ್ಲಿ ಮಾತ್ರ ಎಲ್ಲವೂ ಮೂಲದ್ದು ಅಂತ ಬರೆದಿತ್ತು. ಹಿಂದಿನ ಹಲಗೆ ಅಂಚಿನಿಂದ ಬಿಟ್ಟಿದೆಯೇ, ವಿನೈಲ್ ಪಟ್ಟಿ ಕಿತ್ತಿದೆಯೇ ನೋಡಿ. ಪಟ್ಟಿ ಹೋಗಿದ್ದರೆ ಚಿಂತೆಯಿಲ್ಲ, ಹಲಗೆ ಬಿಟ್ಟಿದ್ದರೆ ಬೇಡ.

ಶ್ರುತಿ ವಿಷಯದಲ್ಲಿ ರಾಜಿ ಆಗಲೇಬೇಕು. ಒಂದೇ ತುಂಡು ಮರದ ಬ್ರಿಡ್ಜ್ ಇರುವಾಗ ಆರೂ ತಂತಿ ಮೇಲಿನ ಫ್ರೆಟ್‌ನಲ್ಲಿ ಕರಾರುವಾಕ್ಕಾಗಿ ಸೇರುವುದಿಲ್ಲ. ಮರದ ತುಂಡನ್ನು ಸ್ವಲ್ಪ ಓರೆ ಮಾಡಿದರೆ ಕಾರ್ಡ್ ನುಡಿಸುವಷ್ಟು ಸರಿಹೋಗುತ್ತದೆ. ಕೆಲವರು ಇದನ್ನು ಕಿತ್ತು ಹೊಸ ಬ್ರಿಡ್ಜ್, ದಪ್ಪ ಪಿಕಪ್, ಹೊಸ ಕೀ ಹಾಕಿಸುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಅದೆಲ್ಲ ಬೇಕಿದ್ದರೆ ಹೊಸ ಗಿಟಾರ್ ಕೊಳ್ಳಿ. ತೊಂಬತ್ತರ ದಶಕದ ಕೊನೆಗೆ ಎವೆಟ್ಸ್ ಅನ್ನುವ ಕಂಪನಿ ಡ್ಯಾನ್‌ಎಲೆಕ್ಟ್ರೋ ಹೆಸರು ಕೊಂಡು ಮತ್ತೆ ಮಾಡಲು ಶುರು ಮಾಡಿತು. ಅವರ 59 ಮಾದರಿ ಗಿಟಾರ್ ಒಳ್ಳೆಯದು, ಎರಡು ಲಿಪ್‌ಸ್ಟಿಕ್ ಪಿಕಪ್ ಇವೆ, ಕತ್ತು ಸರಿಮಾಡಬಹುದು, ವೇದಿಕೆಯಲ್ಲಿ ನಂಬಬಹುದು. ವಾರವಾರ ಬ್ಯಾಂಡಿನಲ್ಲಿ ನುಡಿಸುವವರಿಗೆ ನಾನು ಅದನ್ನೇ ಹೇಳುವುದು.

ಆದರೆ ಮನೆಯಲ್ಲಿ ಪಾಟೀಲೋ ಗೌಡರೋ ಅನ್ನುವ ನೆರೆಯವರಿಗೆ ತೊಂದರೆಯಾಗದಷ್ಟು ಮೆಲ್ಲಗೆ ನುಡಿಸಿದರೂ ಆಂಪಿನ ಸದ್ದು ಒಡೆಯಬೇಕು, ರೆಕಾರ್ಡ್ ಮಾಡಬೇಕು, ಪೆಟ್ಟಿಗೆ ಮುಚ್ಚಿ ಕಾರಿನ ಹಿಂದೆ ಹಾಕಿಕೊಂಡು ಗೆಳೆಯರ ಮನೆಗೆ ಹೋಗಬೇಕು ಅನ್ನುವವರಿಗೆ 1448ಕ್ಕೆ ಸಾಟಿ ಇಲ್ಲ. ತಂತಿ ಸ್ವಲ್ಪ ದಪ್ಪದ 10ರ ಸೆಟ್ ಹಾಕಿ, ತೆಳ್ಳನೆ 9 ಹಾಕಿದರೆ ಜೋರಾಗಿ ಹೊಡೆದಾಗ ತಂತಿ ಶ್ರುತಿಯಿಂದ ಜಾರುತ್ತದೆ. ಟೋನ್ ನಾಬ್ ಪೂರ್ತಿ ತೆರೆದಿಡಿ.