ಸೂಕ್ಷ್ಮ ಚರ್ಮಕ್ಕೂ ಸುಕ್ಕಿಗೂ ಒಂದೇ ಕ್ರೀಮ್ ಅಂದರೆ ಮೊದಲು ಡಬ್ಬಿ ತಿರುಗಿಸಿ ನೋಡಿ

ಐವತ್ತರ ಆಸುಪಾಸಿನವರು, ಅದರಲ್ಲೂ ಏನು ಹಚ್ಚಿದರೂ ಮುಖ ಕೆಂಪಾಗುವವರು, ಸ್ವಲ್ಪ ಪುರುಸೊತ್ತು ಮಾಡಿಕೊಂಡು ಇದನ್ನು ಓದಿ. ಉದ್ದ ಇದೆ. ಆದರೆ ಇಂಥ ಕ್ರೀಮ್‌ಗಳು ಎಲ್ಲ ಕಡೆ ತುಂಬಿಕೊಂಡಿವೆ, ನನಗಾದದ್ದು ಇನ್ನೊಬ್ಬರಿಗೆ ಆಗುವುದು ಬೇಡ ಅಂತ ಬರೆಯುತ್ತಿದ್ದೇನೆ.

ಕಂಪನಿ ಹೆಸರು ಹಾಕುವುದಿಲ್ಲ, ದಯವಿಟ್ಟು ಕೇಳಬೇಡಿ. ಹೆಸರು ಹಾಕಿದರೆ ಓದಿದವರು ಅದೊಂದನ್ನು ಬಿಟ್ಟು ಪಕ್ಕದ್ದನ್ನು ಎತ್ತಿಕೊಳ್ಳುತ್ತಾರೆ. ಪಕ್ಕದ್ದರ ಹಿಂದೆಯೂ ಹೆಚ್ಚುಕಡಿಮೆ ಅದೇ ಪದಾರ್ಥಗಳ ಪಟ್ಟಿ ಇರುತ್ತದೆ.

ಡಬ್ಬಿಯ ಮುಂದೆ ಏನೆಲ್ಲ ಬರೆದಿತ್ತು ಅಂದರೆ, ಸೂಕ್ಷ್ಮ ಚರ್ಮಕ್ಕೆ, ವಯಸ್ಸಾದ ಚರ್ಮಕ್ಕೆ, ಹೈಪೋಅಲರ್ಜೆನಿಕ್ (ಅಲರ್ಜಿ ಆಗುವುದು ಕಡಿಮೆ ಅಂತ), ಚರ್ಮತಜ್ಞರು ಪರೀಕ್ಷಿಸಿದ್ದು, ಗಿಡಮೂಲಿಕೆಯ ಸಾರ ಇರುವಂಥದ್ದು. ಇಷ್ಟೂ ಒಂದೇ ಡಬ್ಬಿಯ ಮೇಲೆ. ಕೌಂಟರಿನಲ್ಲಿದ್ದ ಹುಡುಗಿ ನನ್ನ ಕೈ ಮೇಲೆ ಒಂಚೂರು ಹಚ್ಚಿ ತೋರಿಸಿದಳು, ಒಳ್ಳೆ ಪರಿಮಳ ಬಂತು. "ಮೊದಮೊದಲು ಸ್ವಲ್ಪ ಚುರುಚುರು ಅನ್ನುತ್ತೆ ಮೇಡಂ, ಹೆದರ್ಕೋಬೇಡಿ, ಕೆಲಸ ಮಾಡ್ತಾ ಇದೆ ಅಂತ ಅರ್ಥ" ಅಂದಳು. ಈ ಮಾತು ಯಾರ ಬಾಯಿಂದ ಬಂದರೂ, ಎಷ್ಟೇ ಪ್ರೀತಿಯಿಂದ ಹೇಳಿದರೂ, ಆ ಕ್ರೀಮ್ ವಾಪಸ್ ಕೊಟ್ಟು ಬನ್ನಿ. ಮಾಯಿಶ್ಚರೈಸರ್ ಉರಿಯಬಾರದು. ಅದರ ಕೆಲಸ ಚರ್ಮದಲ್ಲಿ ನೀರು ಉಳಿಸುವುದು ಅಷ್ಟೇ, ಅದಕ್ಕೆ ಉರಿ ಯಾಕೆ ಬೇಕು?

ಶುರುವಿನಲ್ಲಿ ಕೆನ್ನೆ ಬಿಸಿಬಿಸಿ ಅನ್ನಿಸುತ್ತಿತ್ತು. ಆಮೇಲೆ ತುರಿಕೆ. ಆಮೇಲೆ ಒಂದು ಬೆಳಗ್ಗೆ ಎದ್ದಾಗ ಕಣ್ಣಿನ ರೆಪ್ಪೆ ಊದಿಕೊಂಡು ಕಣ್ಣು ಅರ್ಧ ಮಾತ್ರ ತೆರೆಯುತ್ತಿತ್ತು. ತಮಾಷೆ ಅಂದರೆ ರೆಪ್ಪೆಗೆ ನಾನು ಆ ಕ್ರೀಮ್ ಹಚ್ಚಿಯೇ ಇರಲಿಲ್ಲ. ಮೈಯಲ್ಲೆಲ್ಲ ಅತಿ ತೆಳುವಾದ ಚರ್ಮ ರೆಪ್ಪೆಯದು. ಕೆನ್ನೆಗೆ ಹಚ್ಚಿದ್ದು ಬೆರಳಿಂದಲೋ ದಿಂಬಿನಿಂದಲೋ ಅಲ್ಲಿಗೆ ಹೋಗುತ್ತದೆ, ಮುಖದ ಬೇರೆ ಕಡೆ ಏನೂ ಕಾಣದಿದ್ದರೂ ರೆಪ್ಪೆ ಮೊದಲು ಊದುತ್ತದೆ. ಹಾಗಾಗಿ ರೆಪ್ಪೆ ತುರಿಸಿದರೆ ಕಾಡಿಗೆಯನ್ನು ಮಾತ್ರ ಬೈಯಬೇಡಿ. ಮುಖಕ್ಕೆ, ತಲೆಗೆ, ಉಗುರಿಗೆ ಏನು ಹಚ್ಚುತ್ತೀರಿ ಅಂತಲೂ ನೋಡಿ.

ಕಂಪನಿಯ ಕಸ್ಟಮರ್ ಕೇರ್‌ಗೆ ಫೋಟೋ ಸಮೇತ ಬರೆದೆ. ಬಂದ ಉತ್ತರ: "ನಿಮ್ಮ ಚರ್ಮ ಹೊಂದಿಕೊಳ್ಳುತ್ತಿದೆ, ಇದನ್ನು ಪರ್ಜಿಂಗ್ ಅನ್ನುತ್ತಾರೆ, ಬಳಕೆ ಮುಂದುವರಿಸಿ." ಊದಿದ ಕಣ್ಣಿನ ಫೋಟೋ ನೋಡಿ ಇದನ್ನು ಬರೆದಿದ್ದಾರೆ! ಪರ್ಜಿಂಗ್ ಅನ್ನುವುದು ಇದೆ, ಸುಳ್ಳಲ್ಲ. ರೆಟಿನಾಯ್ಡ್ (ವಿಟಮಿನ್ ಎ ಬಗೆಯದು) ತರಹದ ಔಷಧಿ ಚರ್ಮದ ಹೊಸ ಪದರ ಬೇಗ ಬರುವ ಹಾಗೆ ಮಾಡುತ್ತದೆ, ಆಗ ಒಳಗೆ ಕಟ್ಟಿಕೊಂಡಿದ್ದ ಮೊಡವೆಗಳು ಒಟ್ಟಿಗೆ ಮೇಲೆ ಬರುತ್ತವೆ. ಅದು ಮೊಡವೆ, ಯಾವಾಗಲೂ ಮೊಡವೆ ಏಳುವ ಜಾಗದಲ್ಲೇ ಏಳುತ್ತದೆ. ಊತ, ತುರಿಕೆ, ಉರಿ, ಸಿಪ್ಪೆ ಏಳುವುದು ಇವು ಯಾವುದೂ ಪರ್ಜಿಂಗ್ ಅಲ್ಲ. ಚರ್ಮ "ಬೇಡ" ಅಂತ ಹೇಳುತ್ತಿದೆ, ಮುಂದುವರಿಸಿದರೆ ಹೆಚ್ಚಾಗುತ್ತದೆ, ಅಷ್ಟೇ. ಇನ್ನೊಂದು ಸಲ ಕೇಳಿದ್ದಕ್ಕೆ ಅದೇ ಸಾಲಿನ ರಾತ್ರಿ ಕ್ರೀಮ್ ಬದಲಿಗೆ ಕಳಿಸುತ್ತೇವೆ ಅಂದರು. ಅದರ ಪಟ್ಟಿಯಲ್ಲೂ ಪರ್ಫ್ಯೂಮ್ ಇತ್ತು.

ಅಷ್ಟರಲ್ಲಿ ನಮ್ಮ ಅತ್ತಿಗೆ ಮನೆಯಲ್ಲಿ ಉಳಿದಿದ್ದ ಒಂದು ಟ್ಯೂಬ್ ತಂದರು, "ಇದನ್ನ ಹಚ್ಚು, ಎರಡೇ ದಿನಕ್ಕೆ ಇಳಿಯುತ್ತೆ ನೋಡು" ಅಂತ. ಸ್ಟೆರಾಯ್ಡ್ ಮುಲಾಮು. ನಿಜವಾಗಿಯೂ ಇಳಿಯುತ್ತದೆ, ಅಪಾಯ ಇರುವುದೇ ಅಲ್ಲಿ. ಡಾಕ್ಟರ್ ಹೇಳದೆ ಮುಖಕ್ಕೆ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ, ಸಣ್ಣ ರಕ್ತನಾಳ ಕಾಣಲು ಶುರುವಾಗುತ್ತದೆ, ನಿಲ್ಲಿಸಿದ ತಕ್ಷಣ ಮೊದಲಿಗಿಂತ ಜಾಸ್ತಿ ಕೆಂಪಾಗುತ್ತದೆ. ವಯಸ್ಸಾದ ಚರ್ಮ ಮೊದಲೇ ತೆಳು, ಕೇಳಲೇಬೇಡಿ. ಅತ್ತಿಗೆಗೆ ಬೇಜಾರಾಗಬಾರದು ಅಂತ ಟ್ಯೂಬ್ ಇಟ್ಟುಕೊಂಡೆ, ಹಚ್ಚಲಿಲ್ಲ.

ಚರ್ಮದ ಡಾಕ್ಟರ್ ಮೊದಲು ಮಾಡಿಸಿದ್ದು ಎಲ್ಲವನ್ನೂ ನಿಲ್ಲಿಸುವುದು. ಕ್ರೀಮ್, ಸೀರಮ್, ಟೋನರ್, ಫೇಸ್‌ವಾಶ್ ಎಲ್ಲ. ಬರೀ ನೀರು, ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ. ಮುಖ ಶಾಂತವಾದ ಮೇಲೆ ಪ್ಯಾಚ್ ಟೆಸ್ಟ್. ಇದು ನಾವು ಮನೆಯಲ್ಲಿ ಕೈಗೆ ಹಚ್ಚಿ ನೋಡುವ ಟೆಸ್ಟ್ ಅಲ್ಲ. ಸಾಮಾನ್ಯವಾಗಿ ಅಲರ್ಜಿ ತರುವ ವಸ್ತುಗಳನ್ನು ಚಿಕ್ಕ ಚಿಕ್ಕ ಬಿಲ್ಲೆಗಳಲ್ಲಿ ಬೆನ್ನಿಗೆ ಅಂಟಿಸುತ್ತಾರೆ, 48 ಗಂಟೆಗೆ ತೆಗೆದು ನೋಡುತ್ತಾರೆ, 72 ಅಥವಾ 96 ಗಂಟೆಗೆ ಮತ್ತೊಮ್ಮೆ ನೋಡುತ್ತಾರೆ. ಎರಡನೇ ಸಲ ಯಾಕೆ ಅಂದರೆ ಈ ಬಗೆಯ ಅಲರ್ಜಿ ನಿಧಾನಕ್ಕೆ ಏಳುವಂಥದ್ದು. ಅಂಗಡಿಯಲ್ಲಿ ಕೈ ಮೇಲೆ ಹಚ್ಚಿ ಐದು ನಿಮಿಷ ನೋಡಿ "ಏನೂ ಆಗಲಿಲ್ಲವಲ್ಲ" ಅನ್ನುವುದಕ್ಕೆ ಬೆಲೆ ಇಲ್ಲದಿರುವುದೂ ಇದಕ್ಕೇ.

ನನಗೆ ಅಲರ್ಜಿ ಅಂತ ಬಂದದ್ದು ಎರಡು. ಒಂದು ಸುಗಂಧದ ಮಿಶ್ರಣ. ಇನ್ನೊಂದು ಮೀಥೈಲ್‌ಐಸೋಥಯಾಜೋಲಿನೋನ್ ಅನ್ನುವ ಪ್ರಿಸರ್ವೇಟಿವ್, ಅಂದರೆ ಕ್ರೀಮ್ ಕೆಡದಂತೆ ಹಾಕುವ ವಸ್ತು. ಈ ಎರಡನೆಯದನ್ನು ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿಯವರು (ಚರ್ಮಕ್ಕೆ ಏನಾದರೂ ತಾಗಿ ಬರುವ ಅಲರ್ಜಿಯ ತಜ್ಞರ ಸಂಘ) 2013ರಲ್ಲೇ ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿದ್ದರು. ಯುರೋಪಿಯನ್ ಒಕ್ಕೂಟದಲ್ಲಿ 2017ರಿಂದ ಹಚ್ಚಿ ಹಾಗೇ ಬಿಡುವ ಕ್ರೀಮ್‌ಗಳಲ್ಲಿ ಇದನ್ನು ಹಾಕುವಂತಿಲ್ಲ. ತೊಳೆದು ಹೋಗುವ ಶಾಂಪೂ, ಸೋಪುಗಳಲ್ಲಿ ಮಾತ್ರ ತೀರಾ ಸಣ್ಣ ಪ್ರಮಾಣದಲ್ಲಿ ಬಿಟ್ಟಿದ್ದಾರೆ. ಅಂಥದ್ದು "ಸೂಕ್ಷ್ಮ ಚರ್ಮಕ್ಕೆ" ಅಂತ ಬರೆದ ಡಬ್ಬಿಯ ಹಿಂದೆ, ಪಟ್ಟಿಯ ಕೊನೆಯ ಸಾಲಿನಲ್ಲಿ ಕೂತಿತ್ತು. ವಯಸ್ಸಾದವರಿಗೆ ಅಂತಲೇ ಮಾಡಿದ ಕ್ರೀಮಿನ ಪಟ್ಟಿಯನ್ನು ಇರುವೆ ಗಾತ್ರದ ಅಕ್ಷರದಲ್ಲಿ ಯಾಕೆ ಅಚ್ಚು ಹಾಕುತ್ತಾರೋ, ಅವರೇ ಹೇಳಬೇಕು. ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ.

ಹಾಗಾದರೆ ಡಬ್ಬಿಯ ಮುಂದೆ ಬರೆದದ್ದೆಲ್ಲ ಏನು? "ಹೈಪೋಅಲರ್ಜೆನಿಕ್" ತೆಗೆದುಕೊಳ್ಳಿ. ಅಮೆರಿಕದ ಎಫ್‌ಡಿಎ (ಅಲ್ಲಿನ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ) 1975ರಲ್ಲಿ ಒಂದು ನಿಯಮ ತಂದಿತು: ಈ ಪದ ಹಾಕಬೇಕಾದರೆ ಮನುಷ್ಯರ ಮೇಲೆ ಪರೀಕ್ಷೆ ಮಾಡಿ, ಬೇರೆಯವುಗಳಿಗಿಂತ ಅಲರ್ಜಿ ಕಡಿಮೆ ಅಂತ ತೋರಿಸಬೇಕು. ಸೌಂದರ್ಯವರ್ಧಕ ಕಂಪನಿಗಳು ಕೋರ್ಟಿಗೆ ಹೋದವು, 1977ರಲ್ಲಿ ಆ ನಿಯಮ ಬಿದ್ದುಹೋಯಿತು. ಅಲ್ಲಿಂದ ಈಚೆಗೆ ಅಲ್ಲಿ ಆ ಪದಕ್ಕೆ ಕಂಪನಿ ಏನು ಅರ್ಥ ಕೊಡುತ್ತದೋ ಅದೇ ಅರ್ಥ. ಚರ್ಮತಜ್ಞರು ಪರೀಕ್ಷಿಸಿದ್ದು ಅನ್ನುವುದೂ ಹಾಗೇ. ಎಷ್ಟು ಜನರ ಮೇಲೆ, ಎಂಥ ಚರ್ಮದವರ ಮೇಲೆ, ಫಲಿತಾಂಶ ಏನು ಬಂತು ಅಂತ ಡಬ್ಬಿ ಹೇಳುವುದಿಲ್ಲ. ಪರೀಕ್ಷಿಸಿದ್ದು ಅಂದರೆ ಪಾಸಾಗಿದ್ದು ಅಂತಲ್ಲ ಅಲ್ವಾ?

ವಾಸನೆ ವಿಷಯದಲ್ಲಿ ಇನ್ನೊಂದು ಆಟ ಇದೆ. "ಅನ್‌ಸೆಂಟೆಡ್" ಅಂತ ಬರೆದಿದ್ದರೆ ಮೂಗಿಗೆ ವಾಸನೆ ಬರುವುದಿಲ್ಲ ಅಷ್ಟೇ, ಬೇರೆ ವಾಸನೆ ಮುಚ್ಚಲು ಸುಗಂಧವನ್ನೇ ಹಾಕಿರಬಹುದು. "ಫ್ರಾಗ್ರೆನ್ಸ್ ಫ್ರೀ", ಅಂದರೆ ಸುಗಂಧವನ್ನೇ ಹಾಕಿಲ್ಲ ಅಂತ ಇರುವುದನ್ನು ಹುಡುಕಿ, ಆದರೂ ಹಿಂದೆ ತಿರುಗಿಸಿ ನೋಡಿ. ಪಟ್ಟಿಯಲ್ಲಿ ಪರ್ಫ್ಯೂಮ್ ಅಂತ ಒಂದೇ ಪದ ಇದ್ದರೂ ಅದರೊಳಗೆ ಹತ್ತಾರು ರಾಸಾಯನಿಕ ಇರಬಹುದು. ಇನ್ನು ನೈಸರ್ಗಿಕ ಎಣ್ಣೆ, ಅಂದರೆ ಲ್ಯಾವೆಂಡರ್, ಕಿತ್ತಳೆ ಸಿಪ್ಪೆ, ಟೀ ಟ್ರೀ ಇವುಗಳಲ್ಲಿ ಲಿನಲೂಲ್, ಲಿಮೋನೀನ್ ಅನ್ನುವ ಅಂಶಗಳು ತಾವಾಗಿಯೇ ಇರುತ್ತವೆ. ಡಬ್ಬಿ ತೆರೆದು ಗಾಳಿ ತಾಗುತ್ತಾ ತಾಗುತ್ತಾ ಇವು ಅಲರ್ಜಿ ತರುವ ರೂಪಕ್ಕೆ ತಿರುಗುತ್ತವೆ. ಗಿಡದಿಂದ ಬಂದದ್ದು ಅಂದ ಮಾತ್ರಕ್ಕೆ ಚರ್ಮ ಸುಮ್ನೆ ಇರುವುದಿಲ್ಲ. ಯುರೋಪಿನಲ್ಲಿ 2005ರಿಂದ ಇಂಥ 26 ಸುಗಂಧ ವಸ್ತುಗಳನ್ನು ಹೆಸರು ಹಿಡಿದು ಪಟ್ಟಿಯಲ್ಲಿ ಬರೆಯಲೇಬೇಕು ಅಂತ ಮಾಡಿದ್ದರು, 2023ರಲ್ಲಿ ಆ ಪಟ್ಟಿಯನ್ನು 80ಕ್ಕೂ ಮೇಲೆ ಏರಿಸಿದ್ದಾರೆ.

ಈಗ ವಯಸ್ಸಿನ ಮಾತು. ಚರ್ಮದ ಮೇಲ್ಪದರವನ್ನು ಇಟ್ಟಿಗೆ ಗೋಡೆ ಅಂದುಕೊಂಡರೆ ಸತ್ತ ಜೀವಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ಆ ಗಾರೆಯಲ್ಲಿ ಸುಮಾರು ಅರ್ಧ ಸೆರಮೈಡ್, ಉಳಿದದ್ದರಲ್ಲಿ ಕೊಲೆಸ್ಟ್ರಾಲ್ ಮತ್ತು ಕೊಬ್ಬಿನಾಮ್ಲ. ವಯಸ್ಸಾದಂತೆ ಇದು ಕಡಿಮೆಯಾಗುತ್ತದೆ, ಮೇಲಿನ ಎಣ್ಣೆಯಂಶವೂ ಇಳಿಯುತ್ತದೆ. ಮುಟ್ಟು ನಿಂತ ಮೇಲಂತೂ ಮೊದಲ 5 ವರ್ಷದಲ್ಲೇ ಚರ್ಮವನ್ನು ಬಿಗಿಯಾಗಿಡುವ ಪ್ರೊಟೀನ್ ಕೊಲ್ಯಾಜನ್ ಸುಮಾರು 30% ಹೋಗುತ್ತದೆ ಅನ್ನುತ್ತಾರೆ. ಗಾರೆ ಕಡಿಮೆಯಾದಾಗ ಒಳಗಿನ ನೀರು ಬೇಗ ಆರಿ ಹೋಗುತ್ತದೆ, ಹೊರಗಿನ ಕಿರಿಕಿರಿ ಸುಲಭವಾಗಿ ಒಳಗೆ ನುಗ್ಗುತ್ತದೆ. ಮೂವತ್ತನೇ ವಯಸ್ಸಿನಲ್ಲಿ ಒಗ್ಗುತ್ತಿದ್ದ ಕ್ರೀಮ್ ಈಗ ಉರಿಯುವುದು ಇದರಿಂದಲೇ. "ನಾನು ಮೊದಲಿಂದ ಇದನ್ನೇ ಹಚ್ಚೋದು" ಅನ್ನುವುದೂ ಕಾಪಾಡುವುದಿಲ್ಲ, ವರ್ಷಗಟ್ಟಲೆ ಹಚ್ಚಿದ ವಸ್ತುವಿಗೇ ಇದ್ದಕ್ಕಿದ್ದಂತೆ ಅಲರ್ಜಿ ಶುರುವಾಗಬಹುದು.

ಇಂಥ ಚರ್ಮಕ್ಕೆ ನನ್ನ ಡಬ್ಬಿಯಲ್ಲಿ ರೆಟಿನಾಲ್ (ಇದೂ ಒಂದು ರೆಟಿನಾಯ್ಡ್), ಗ್ಲೈಕಾಲಿಕ್ ಆಸಿಡ್ (ಸತ್ತ ಚರ್ಮ ಕಳಚುವ ಆಮ್ಲ) ಎರಡನ್ನೂ ಸುರಿದಿದ್ದರು. ಇವು ಕೆಟ್ಟವು ಅಂತಲ್ಲ. ಸುಕ್ಕಿನ ಮೇಲೆ ಕೆಲಸ ಮಾಡುತ್ತವೆ ಅನ್ನುವುದಕ್ಕೆ ರೆಟಿನಾಯ್ಡ್‌ಗಳಷ್ಟು ಆಧಾರ ಬೇರೆ ಯಾವುದಕ್ಕೂ ಇಲ್ಲ. ಆದರೆ ಎರಡೂ ಚರ್ಮವನ್ನು ಕೆರಳಿಸುವಂಥವು. ರೆಟಿನಾಲನ್ನು ಬೇರೆಯಾಗಿ ತಂದು, ವಾರಕ್ಕೆ ಒಂದೆರಡು ರಾತ್ರಿ, ಕಡಲೆ ಕಾಳಿನಷ್ಟು ಹಚ್ಚಿ, ಒಗ್ಗಿದರೆ ಮುಂದೆ ಹೋಗಬೇಕು. ಮಾಯಿಶ್ಚರೈಸರಿನೊಳಗೇ ಬೆರೆಸಿಟ್ಟರೆ ಅದನ್ನು ಕಡಿಮೆ ಮಾಡುವುದು ಹೇಗೆ? ಚರ್ಮ ಒಣಗಿತು ಅಂತ ಇನ್ನಷ್ಟು ಹಚ್ಚುತ್ತೇವೆ, ಹಚ್ಚಿದಷ್ಟೂ ಒಣಗುತ್ತದೆ. ಸೂಕ್ಷ್ಮ ಚರ್ಮದ ಆರೈಕೆಯೂ ಸುಕ್ಕಿನ ಮದ್ದೂ ಒಂದೇ ಡಬ್ಬಿಯಲ್ಲಿ ಅನ್ನುವುದು ಸೂಕ್ಷ್ಮ ಚರ್ಮದವರಿಗೆ ಮಾಡಿದ ಮೋಸ ಅಂತಲೇ ನನ್ನ ಅಭಿಪ್ರಾಯ, ಯಾರಾದರೂ ಒಪ್ಪದಿದ್ದರೆ ಒಪ್ಪಬೇಡಿ. ಅಂದ ಹಾಗೆ "ಕೊಲ್ಯಾಜನ್ ಕ್ರೀಮ್"ಗೆ ಜಾಸ್ತಿ ದುಡ್ಡು ಕೊಡಬೇಡಿ, ಆ ಅಣು ಚರ್ಮದೊಳಗೆ ಇಳಿಯುವಷ್ಟು ಚಿಕ್ಕದಲ್ಲ, ಮೇಲೆ ಕೂತು ಸ್ವಲ್ಪ ತೇವ ಹಿಡಿಯುತ್ತದೆ. ಕೆಲವೇ ದಿನದಲ್ಲಿ ಸುಕ್ಕು ಮಾಯ ಅನ್ನುವುದೂ ಅಷ್ಟೇ. ಒಣಗಿದ ಚರ್ಮಕ್ಕೆ ನೀರು ಸಿಕ್ಕರೆ ಸಣ್ಣ ಗೆರೆಗಳು ತುಂಬಿಕೊಂಡ ಹಾಗೆ ಕಾಣುತ್ತವೆ, ಅದನ್ನು ಯಾವ ಸಾದಾ ಕ್ರೀಮ್ ಆದರೂ ಮಾಡುತ್ತದೆ. ಸುಕ್ಕಿನ ಚಿಂತೆ ಇದ್ದರೆ ಮೊದಲು ಸನ್‌ಸ್ಕ್ರೀನ್. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವಂಥವು ಸೂಕ್ಷ್ಮ ಚರ್ಮಕ್ಕೆ ಸಾಮಾನ್ಯವಾಗಿ ಒಗ್ಗುತ್ತವೆ.

ಈಗ ನಾನು ಪಟ್ಟಿಯಲ್ಲಿ ಹುಡುಕುವುದು ಗ್ಲಿಸರಿನ್, ಸೆರಮೈಡ್, ಪೆಟ್ರೋಲೇಟಮ್, ಡೈಮೆಥಿಕೋನ್. ನೀರು ಹಿಡಿಯುವುದು ಒಂದು, ಗಾರೆ ತುಂಬುವುದು ಒಂದು, ಮೇಲೆ ಮುಚ್ಚುವವು ಎರಡು. ಪಟ್ಟಿ ಚಿಕ್ಕದಿದ್ದಷ್ಟು ಒಳ್ಳೆಯದು, ಯಾಕೆಂದರೆ ನಾಳೆ ತೊಂದರೆ ಬಂದರೆ ಹುಡುಕುವುದು ಸುಲಭ. ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ ಬರುತ್ತದೆ, ಆದರೆ 1%ಕ್ಕಿಂತ ಕಡಿಮೆ ಇರುವುದನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಅಲರ್ಜಿ ಇದ್ದವರಿಗೆ ಕೊನೆಯ ಸಾಲೇ ಮುಖ್ಯ. "ಪ್ರಿಸರ್ವೇಟಿವ್ ಇಲ್ಲ" ಅನ್ನುವುದನ್ನು ಕಂಡು ಖುಷಿಪಡಬೇಡಿ, ನೀರಿರುವ ಕ್ರೀಮಿಗೆ ಪ್ರಿಸರ್ವೇಟಿವ್ ಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ, ಬೂಸ್ಟು ಬೆಳೆಯುತ್ತದೆ. ಬೆರಳು ಅದ್ದುವ ಡಬ್ಬಿಗಿಂತ ಟ್ಯೂಬ್, ಪಂಪ್ ವಾಸಿ.

ಮನೆಯಲ್ಲಿ ಪರೀಕ್ಷೆ ಮಾಡುವ ರೀತಿ ಡಾಕ್ಟರ್ ಹೇಳಿಕೊಟ್ಟದ್ದು: ಮೊಣಕೈ ಒಳಮಡಿಕೆಯ ಹತ್ತಿರ ಒಂದೇ ಜಾಗದಲ್ಲಿ ದಿನಕ್ಕೆ ಎರಡು ಸಲ, ಕಡಿಮೆ ಅಂದರೆ 7 ದಿನ, ಸಾಧ್ಯವಾದರೆ 10 ದಿನ. ತೊಳೆಯಬಾರದು, ಹಚ್ಚಿ ಬಿಡಬೇಕು. ಅಲ್ಲಿ ಏನೂ ಆಗದಿದ್ದರೆ ದವಡೆಯ ಕೆಳಗೆ ಸ್ವಲ್ಪ ಜಾಗಕ್ಕೆ, ಆಮೇಲೆ ಮುಖಕ್ಕೆ. ಒಂದು ಸಲಕ್ಕೆ ಒಂದೇ ಹೊಸ ವಸ್ತು. ಮುಖ ತೊಳೆಯುವುದನ್ನೂ ನೋಡಿಕೊಳ್ಳಿ, ಚರ್ಮದ ಪಿಎಚ್ (ಆಮ್ಲ, ಕ್ಷಾರದ ಅಳತೆ) ಸುಮಾರು 5, ಮಾಮೂಲಿ ಸೋಪಿನದು 9ರಿಂದ 10. ಸೋಪು ಹಾಕಿ ಉಜ್ಜಿದ ಮೇಲೆ ಒಳ್ಳೆ ಕ್ರೀಮ್ ಕೂಡ ಚುರುಗುಟ್ಟುತ್ತದೆ.

ಈಗಾಗಲೇ ಮುಖ ಕೆಂಪಾಗಿ ಕೂತವರಿಗೆ: ಡಬ್ಬಿಯನ್ನೂ ಅದರ ರಟ್ಟಿನ ಪೆಟ್ಟಿಗೆಯನ್ನೂ ಎಸೆಯಬೇಡಿ. ಎಷ್ಟೋ ಸಲ ಪೂರ್ತಿ ಪಟ್ಟಿ ಪೆಟ್ಟಿಗೆಯ ಮೇಲೆ ಮಾತ್ರ ಇರುತ್ತದೆ. ಕೆಂಪಾದ ಮುಖದ ಫೋಟೋ ಬೆಳಕಿನಲ್ಲಿ ತೆಗೆದಿಟ್ಟುಕೊಳ್ಳಿ, ಡಾಕ್ಟರ್ ಹತ್ತಿರ ಹೋಗುವ ದಿನ ಅದು ಇಳಿದಿರುತ್ತದೆ. ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದ ಹಾಗೆ ಆದರೆ ಮಾತ್ರ ಫೋಟೋ ಗೀಟೋ ಅಂತ ಕೂರದೆ ನೇರ ಆಸ್ಪತ್ರೆಗೆ ಹೋಗಿ.