ಆಕ್ಸಲ್ ನಟ್ ಬಿಗಿಮಾಡಲು ಯಾವುದು ಸರಿ: ಇಂಪ್ಯಾಕ್ಟ್, ಟಾರ್ಕ್ ರೆಂಚ್, ಮೈಭಾರ, ಇಲ್ಲಾ ತಕ್ಕಡಿ?

ಇಂಪ್ಯಾಕ್ಟ್ ರೆಂಚ್ (ಬಡಿದು ಬಡಿದು ನಟ್ ತಿರುಗಿಸುವ ಬ್ಯಾಟರಿ ಯಂತ್ರ) ಕೊಂಡಿದ್ದೇ ಆಕ್ಸಲ್ ನಟ್‌ಗೋಸ್ಕರ, ಅಂದರೆ ಚಕ್ರದ ನಡುವೆ ಇರುವ ದೊಡ್ಡ ನಟ್‌ಗೋಸ್ಕರ. ಬಿಚ್ಚುವ ಕೆಲಸಕ್ಕೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಬಿಗಿಮಾಡೋಕೆ ಮಾತ್ರ ಕೊನೆಗೆ ಕೈಹಿಡಿದದ್ದು ಬ್ರೇಕರ್ ಬಾರ್ ಅನ್ನೋ ಉದ್ದನೆಯ ಗಟ್ಟಿ ಹಿಡಿ, ಅದಕ್ಕೆ ತೂರಿಸಿದ ಕಬ್ಬಿಣದ ಪೈಪು, ಮತ್ತೆ ಚೀಲ ತೂಗುವ ಸ್ಪ್ರಿಂಗ್ ತಕ್ಕಡಿ. ನನ್ನ ಓಟು ಯಾವ ಕಡೆಗೆ ಅಂತ ಮೊದಲೇ ಹೇಳಿಬಿಟ್ಟೆ. ಯಾಕೆ ಅನ್ನೋದು ಮುಂದೆ.

ನನ್ನ ಕಾರಿನ ಮ್ಯಾನುಯಲ್ ಕೇಳುವ ಟಾರ್ಕ್, ಅಂದರೆ ತಿರುಗಿಸುವ ಬಲ, 245 ನ್ಯೂಟನ್ ಮೀಟರ್. ಮನೆಯಲ್ಲಿರುವ ಟಾರ್ಕ್ ರೆಂಚ್ (ಈ ಬಲ ಅಳೆದು ಬಿಗಿಮಾಡುವ ರೆಂಚ್) 210ಕ್ಕೆ ಮುಗಿಯುತ್ತದೆ. ತುಂಬಾ ಜನರ ಕಥೆ ಇದೇ ಅಲ್ವಾ? ಚಕ್ರದ ನಟ್‌ಗೆ ಸಾಕಾಗುವ ರೆಂಚ್ ಇರುತ್ತದೆ, ಆಕ್ಸಲ್ ನಟ್‌ಗೆ ಸಾಲುವುದಿಲ್ಲ. ಅಂದಾಜಿನ ಮೇಲೆ ಬಿಡೋಣ ಅಂದರೆ, ಚಕ್ರ ಸಲೀಸಾಗಿ ತಿರುಗಲು ಇರುವ ಹಬ್ ಬೇರಿಂಗನ್ನು ಒತ್ತಿ ಹಿಡಿಯುವುದೇ ಈ ನಟ್. ಸಡಿಲವಾದರೆ ಬೇರಿಂಗ್ ಬೇಗ ಹೋಗುತ್ತದೆ, ಮಿತಿಮೀರಿದರೆ ಥ್ರೆಡ್ ಹೋಗುತ್ತದೆ.

ಇಂಪ್ಯಾಕ್ಟ್ ರೆಂಚ್

ಬಿಚ್ಚೋಕೆ ರಾಜ. ಬಿಗಿಮಾಡುವಾಗ ಅದು ಎಷ್ಟು ಬಲ ಹಾಕಿತು ಅಂತ ಅದಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಡಬ್ಬದ ಮೇಲಿನ ದೊಡ್ಡ ಸಂಖ್ಯೆ ಎಷ್ಟೋ ಸಲ ಬಿಚ್ಚುವ ದಿಕ್ಕಿನದು. ಬ್ಯಾಟರಿ ಚಾರ್ಜ್ ಎಷ್ಟಿದೆ, ನಟ್ ಮೇಲೆ ಕೂರುವ ಸಾಕೆಟ್‌ಗೂ ರೆಂಚ್‌ಗೂ ನಡುವಿನ ಎಕ್ಸ್‌ಟೆನ್ಷನ್ ಕಡ್ಡಿ ಎಷ್ಟು ಉದ್ದ, ಎಷ್ಟು ಸೆಕೆಂಡು ಒತ್ತಿದಿರಿ, ಇದೆಲ್ಲದರ ಮೇಲೆ ಫಲಿತಾಂಶ ಬದಲಾಗುತ್ತದೆ. ನಟ್ಟನ್ನು ಮೆಲ್ಲಗೆ ತಾಗುವವರೆಗೆ ಓಡಿಸಲು ಸರಿ, ಅಷ್ಟೇ.

ದೊಡ್ಡ ಟಾರ್ಕ್ ರೆಂಚ್

340 ನ್ಯೂಟನ್ ಮೀಟರ್‌ವರೆಗೆ ಹೋಗುವ ಅರ್ಧ ಇಂಚಿನ ಕ್ಲಿಕ್ ರೆಂಚನ್ನು ಗೆಳೆಯನಿಂದ ತಂದು ನೋಡಿದೆ. ಕೆಲಸ ಸಲೀಸು, ಇದರಲ್ಲಿ ಎರಡು ಮಾತಿಲ್ಲ. ಬಾರ್ ಯಾವ ಕೋನದಲ್ಲಿದ್ದರೂ ಲೆಕ್ಕ ಹಾಕಬೇಕಿಲ್ಲ, ಹೊಂದಿಸಿದ ಟಾರ್ಕ್ ಮುಟ್ಟಿ ಕ್ಲಿಕ್ ಅಂದರೆ ಮುಗಿಯಿತು. ಹಿಡಿ ಸುಮಾರು 60 ಸೆಂಟಿಮೀಟರ್ ದೂರದಲ್ಲಿದ್ದರೆ 42 ಕಿಲೋದಷ್ಟು ಒತ್ತಬೇಕು, ಸ್ವಲ್ಪ ಬೆವರು ಬರುತ್ತದೆ. ಸುಲಭವಾಗಲಿ ಅಂತ ಕ್ಲಿಕ್ ರೆಂಚ್‌ಗೆ ಪೈಪು ತೂರಿಸಬೇಡಿ. ಕೈ ಹಿಡಿಯ ಮೇಲೇ ಇರಬೇಕು, ಇಲ್ಲದಿದ್ದರೆ ಕ್ಲಿಕ್ ಬರುವ ಬಲವೇ ಬದಲಾಗಬಹುದು. ನನ್ನ ತಕರಾರು ಒಂದೇ: ಅಪರೂಪಕ್ಕೊಮ್ಮೆ ಬೇಕಾಗುವ ಉಪಕರಣಕ್ಕೆ ಅಷ್ಟು ದುಡ್ಡು ಸುರಿಯಲು ಮನಸ್ಸು ಬರಲ್ಲ.

ಬಾರ್ ಮೇಲೆ ನಿಲ್ಲುವುದು

ಲೆಕ್ಕವೇನೋ ಸೊಗಸಾಗಿದೆ. ಕಿಲೋ ತೂಕ, ಮೀಟರ್ ದೂರ, 9.8, ಮೂರನ್ನೂ ಗುಣಿಸಿದರೆ ನ್ಯೂಟನ್ ಮೀಟರ್. 62 ಕಿಲೋ ಮನುಷ್ಯ ನಟ್‌ನ ಮಧ್ಯದಿಂದ 40 ಸೆಂಟಿಮೀಟರ್ ದೂರದಲ್ಲಿ ನಿಂತರೆ 243. ಆದರೆ ಬಾರ್ ನೆಲಕ್ಕೆ ಸಮಾನಾಂತರವಾಗಿರಬೇಕು, ಯಾಕಂದ್ರೆ ತೂಕ ನೇರ ಕೆಳಕ್ಕೆ ಮಾತ್ರ ಎಳೆಯುತ್ತದೆ. ಬಾರ್ 30 ಡಿಗ್ರಿ ಓರೆಯಾದರೆ ನೂರಕ್ಕೆ 13 ಪಾಲು ಹೋಯಿತು. ಸಮತೋಲನಕ್ಕೆ ಅಂತ ಕಾರಿನ ಮೇಲೆ ಕೈ ಊರುತ್ತೀವಲ್ಲ, ಆ ಕೈಗೆ 5 ಕಿಲೋ ಹೋದರೆ 20 ನ್ಯೂಟನ್ ಮೀಟರ್ ಮಾಯ. ಒಂದು ಸಲ ಜಿಗಿದರೆ ಲೆಕ್ಕವೇ ಇಲ್ಲ. ಸಾಕೆಟ್ ಜಾರಿದರೆ ಮೊಣಕಾಲು ಹೋಗುತ್ತದೆ. ಬೇರೆ ಏನೂ ಇಲ್ಲದಾಗ ಮಾತ್ರ.

ಬಾರ್, ಪೈಪು, ತಕ್ಕಡಿ

ಗುಣಾಕಾರ ಅದೇ, ಆದರೆ ಬಲ ನಮ್ಮ ಹಿಡಿತದಲ್ಲಿರುತ್ತದೆ. ಸಾಕೆಟ್‌ನ ಮಧ್ಯದಿಂದ ಸರಿಯಾಗಿ 1 ಮೀಟರ್ ಅಳೆದು ಪೈಪಿಗೆ ಗುರುತು ಹಾಕಿ. 245 ಅಂದರೆ ಅಲ್ಲಿ 25 ಕಿಲೋ. ಚಕ್ರಕ್ಕೆ ಮುಖ ಮಾಡಿ ಕೂತು, ಬಾರನ್ನು ಎಡಗಡೆಗೆ ಚಾಚಿ, ಕೊಕ್ಕೆ ಸಿಕ್ಕಿಸಿ ಮೇಲಕ್ಕೆ ಎಳೆದರೆ ನಟ್ ಬಿಗಿಯಾಗುತ್ತದೆ. ಬಾರ್ ಓರೆಯಿದ್ದರೂ ಪರವಾಗಿಲ್ಲ, ತಕ್ಕಡಿಯನ್ನೂ ಓರೆ ಮಾಡಿ ಬಾರಿಗೆ ಲಂಬವಾಗಿ ಎಳೆದರಾಯಿತು. ಮೈಭಾರದ ವಿಧಾನದಲ್ಲಿ ಇದು ಆಗದ ಮಾತು.

ಪೈಪಿನ ತೂಕ ಮರೆಯಬಾರದು. ಸಾಕೆಟ್ ತುದಿಯನ್ನು ನೆಲಕ್ಕೆ ಊರಿ, ಗುರುತಿನ ಜಾಗಕ್ಕೆ ಕೊಕ್ಕೆ ಹಾಕಿ ಬಾರನ್ನು ಸ್ವಲ್ಪ ಎತ್ತಿ. ನನ್ನದರಲ್ಲಿ ಮುಳ್ಳು 1 ಕಿಲೋ ತೋರಿಸಿತು. ಹಾಗಾಗಿ ನಾನು 26ಕ್ಕೆ ಎಳೆಯುತ್ತೇನೆ.

ಈಗ ತಲೆ ಕೆಡಿಸಿದ ವಿಷಯ. ಮೊದಲು ಹಿಡಿದದ್ದು ಡಿಜಿಟಲ್ ಲಗೇಜ್ ತಕ್ಕಡಿ. ಅದರ ಸ್ವಭಾವ ಏನಂದ್ರೆ, ತೂಕ ಒಂದು ಕ್ಷಣ ನಿಂತರೆ ಸಾಕು, ಬೀಪ್ ಅಂತ ಓದಿಕೆ ಲಾಕ್ ಆಗುತ್ತದೆ. ಸೂಟ್‌ಕೇಸ್ ತೂಗುವವರಿಗೆ ಅನುಕೂಲವೇ. ನಟ್ ತಿರುಗಿಸುವವರಿಗೆ ಶುದ್ಧ ತಲೆನೋವು. 18ರಲ್ಲಿ ಉಸಿರು ತಗೊಳ್ಳಲು ನಿಂತರೆ ಪರದೆಯ ಮೇಲೆ 18 ಅಂತಲೇ ಕೂತಿರುತ್ತದೆ, ನಾವು ಎಳೆಯುತ್ತಲೇ ಇರುತ್ತೇವೆ. ಬಿಟ್ಟು, ಸೊನ್ನೆ ಮಾಡಿ, ಮತ್ತೆ ಹಿಡಿಯಬೇಕು.

ಹಾಗೆ ನಿಂತು ಶುರು ಮಾಡಿದಾಗ ಇನ್ನೊಂದು ಎಡವಟ್ಟು. ನಿಂತ ನಟ್ ಮತ್ತೆ ಅಲುಗಲು ಜಾಸ್ತಿ ಬಲ ಕೇಳುತ್ತದೆ, ಆ ಬಲ ಬಿಗಿಯ ಅಳತೆ ಅಲ್ಲ. ನಟ್ ತಿರುಗುತ್ತಿರುವಾಗ ಓದಿದ ಸಂಖ್ಯೆಯೇ ನಿಜ. ಕೊನೆಯ ಎಳೆತ ಒಂದೇ ಉಸಿರಿನಲ್ಲಿ, ನಿಧಾನವಾಗಿ ಬರಬೇಕು. ಮುಳ್ಳಿರುವ 50 ಕಿಲೋದ ಸ್ಪ್ರಿಂಗ್ ತಕ್ಕಡಿಯಲ್ಲಿ ಈ ಲಾಕ್ ಕಾಟವಿಲ್ಲ. ಮುಳ್ಳು ಮೆಲ್ಲಗೆ ಏರುವುದು ಕಣ್ಣಿಗೇ ಕಾಣುತ್ತದೆ. ಅದು ಸರಿಯಾಗಿದೆಯಾ ಅಂತ ನೋಡಲು 20 ಲೀಟರ್ ನೀರು ತುಂಬಿದ ಕ್ಯಾನ್ ಸಾಕು. 20 ಕಿಲೋ ನೀರು, ಅದರ ಮೇಲೆ ಖಾಲಿ ಕ್ಯಾನಿನ ತೂಕ.

ಕೊಕ್ಕೆ ಜಾರದಂತೆ ಗುರುತಿನ ಎರಡೂ ಬದಿ ದಪ್ಪಗೆ ಟೇಪ್ ಸುತ್ತಿ. 5 ಸೆಂಟಿಮೀಟರ್ ಜಾರಿದರೆ ನೂರಕ್ಕೆ 5 ತಪ್ಪು.

ಬ್ರೇಕರ್ ಬಾರ್‌ಗೆ ರ‍್ಯಾಚೆಟ್ (ಹಿಡಿಯನ್ನು ಹಿಂದಕ್ಕೆ ತಂದಾಗ ನಟ್ ತಿರುಗದಂತೆ ಬಿಡುವ ಏರ್ಪಾಡು) ಇಲ್ಲ, ಬಾರ್ ಮೇಲೆ ಬಂದಾಗ ಬಿಚ್ಚಿ ಮತ್ತೆ ಹಾಕಬೇಕು. ಆರು ಮೂಲೆಯ ಸಾಕೆಟ್ ನಟ್ ಮೇಲೆ 60 ಡಿಗ್ರಿಗೊಮ್ಮೆ ಕೂರುತ್ತದೆ, ಬಾರಿನ ಚೌಕ ಸಾಕೆಟ್‌ನೊಳಗೆ 90ಕ್ಕೊಮ್ಮೆ. ಎರಡನ್ನೂ ಸೇರಿಸಿ ಆಟವಾಡಿದರೆ 30 ಡಿಗ್ರಿಗೊಂದು ಜಾಗ ಸಿಗುತ್ತದೆ.

ಯಾವ ವಿಧಾನವಾದರೂ

ನಟ್ ಹೊಸದೇ ಇರಲಿ. ಮ್ಯಾನುಯಲ್ ಹೇಳದೆ ಥ್ರೆಡ್‌ಗೆ ಎಣ್ಣೆ ಬೇಡ, ಅದೇ ಟಾರ್ಕ್‌ಗೆ ಬಿಗಿ ಜಾಸ್ತಿಯಾಗುತ್ತದೆ. ಸಡಿಲ ನಟ್ ಇಟ್ಟುಕೊಂಡು ಕಾರಿನ ಪೂರ್ತಿ ಭಾರ ಆ ಚಕ್ರದ ಮೇಲೆ ಬಿಡಬೇಡಿ, ಉರುಳಿಸಲೂ ಬೇಡಿ, ಬೇರಿಂಗ್ ಹಾಳಾಗುತ್ತದೆ. ನಾನು ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ, ಇರುವ ಸಣ್ಣ ರೆಂಚ್‌ನಿಂದ 200ವರೆಗೆ ತರುತ್ತೇನೆ. ಆಮೇಲೆ ಅವರನ್ನು ಇಳಿಸಿ, ನಡುವಿನ ಮುಚ್ಚಳ ತೆಗೆದ ಚಕ್ರ ಹಾಕಿ, ಟೈರು ನೆಲಕ್ಕೆ ಕಚ್ಚುವಷ್ಟು ಮಾತ್ರ ಕಾರು ಇಳಿಸಿ ತಕ್ಕಡಿ ಹಿಡಿಯುತ್ತೇನೆ. ನಡುವೆ ತೂತಿಲ್ಲದ ಚಕ್ರವಾದರೆ ಕೊನೆಯವರೆಗೂ ಬ್ರೇಕ್ ಒತ್ತುವವರು ಬೇಕು.

ಮ್ಯಾನುಯಲ್ ಟಾರ್ಕ್ ಜೊತೆ ಇಷ್ಟು ಡಿಗ್ರಿ ತಿರುಗಿಸಿ ಅಂದಿದ್ದರೆ ಸಣ್ಣ ಟಾರ್ಕ್ ರೆಂಚ್, ಬಾರ್ ಮತ್ತು ಒಂದು ಚಾಕ್‌ಪೀಸ್ ಗುರುತು ಸಾಕಾಗಬಹುದು, ತಕ್ಕಡಿಯೇ ಬೇಡ.

ವರ್ಷವಿಡೀ ನಾಲ್ಕಾರು ಕಾರುಗಳ ಕೆಲಸ ಮಾಡುವವರು ಸುಮ್ನೆ ದೊಡ್ಡ ಟಾರ್ಕ್ ರೆಂಚ್ ಕೊಂಡುಬಿಡಿ, ಗುಣಾಕಾರ ಮಾಡುತ್ತಾ ಕೂರುವ ಸಹನೆ ಎಲ್ಲರಿಗೂ ಇರಲ್ಲ. ನನ್ನದು ಒಂದೇ ಕಾರು, ಬಾರ್ ಪೈಪು ಮೊದಲೇ ಇದ್ದವು, ಹೊಸದಾಗಿ ಕೊಂಡಿದ್ದು ತಕ್ಕಡಿ ಮಾತ್ರ. ಗೆಳೆಯನ ರೆಂಚನ್ನು 245ಕ್ಕೆ ಇಟ್ಟು ಆಮೇಲೆ ಅದೇ ನಟ್ ಮೇಲೆ ಒತ್ತಿ ನೋಡಿದೆ. ಹೆಚ್ಚುಕಡಿಮೆ ಅಲುಗದೇ ಕ್ಲಿಕ್ ಅಂದಿತು. ರೆಂಚ್ ವಾಪಸ್ ಕೊಟ್ಟೆ.